ದೊಡ್ಡಕ್ಷರ, ಸಣ್ಣಕ್ಷರ ಮತ್ತು ಸದಸ್ಯರ ಹೆಸರು
ಗಣಕಯಂತ್ರದ ಅಚ್ಚಿನಲ್ಲಿ ಸಂಘಗಳೂ ಸದಸ್ಯರೂ ಗಮನಿಸಬೇಕಾದ ಕೆಲವು ವಿಷಯಗಳು

ಬೆಳೆಗಾರರ ಸಹಕಾರ ಸಂಘದಿಂದ ಸದಸ್ಯರ ಮನೆಗೆ ವರ್ಷದಲ್ಲಿ ಹಲವು ಬಗೆಯ ಕಾಗದಗಳು ಬರುತ್ತವೆ. ಮಹಾಸಭೆಯ ತಿಳಿವಳಿಕೆ ಪತ್ರ, ಷೇರು ಪತ್ರ, ಡಿವಿಡೆಂಡ್ ಚೀಟಿ, ಸಾಲದ ಬಾಕಿಯ ನೋಟೀಸು, ಗೊಬ್ಬರದ ಕೂಪನ್, ಮಣ್ಣು ಪರೀಕ್ಷೆಯ ವರದಿ, ಚೀಲಕ್ಕೆ ಅಂಟಿಸುವ ಚೀಟಿ ಇತ್ಯಾದಿ. ಇವೆಲ್ಲದರಲ್ಲೂ ಒಂದು ಸಮಾನವಾದ ಅಂಶವುಂಟು. ಕಾಗದದ ಬಹುಭಾಗ ಎಲ್ಲ ಸದಸ್ಯರಿಗೂ ಒಂದೇ ಆಗಿರುತ್ತದೆ. ಹೆಸರು, ಊರು, ಖಾತೆಯ ಸಂಖ್ಯೆ, ಮೊತ್ತ ಇವಿಷ್ಟು ಮಾತ್ರ ಒಬ್ಬೊಬ್ಬರಿಗೆ ಒಂದೊಂದು.

ಹಿಂದೆ ಈ ಕೆಲಸ ನಡೆಯುತ್ತಿದ್ದ ರೀತಿ ಹಿರಿಯ ಸದಸ್ಯರಿಗೆ ನೆನಪಿರಬಹುದು. ಒಂದೇ ಆಗಿರುವ ಭಾಗವನ್ನು ಅಚ್ಚುಕೂಟದಲ್ಲಿ ಮುದ್ರಿಸಿಯೋ ಸೈಕ್ಲೋಸ್ಟೈಲ್ ಮಾಡಿಯೋ ತರುತ್ತಿದ್ದರು. ಖಾಲಿ ಬಿಟ್ಟ ಗೆರೆಗಳ ಮೇಲೆ ಗುಮಾಸ್ತರು ಸದಸ್ಯರ ಹೆಸರುಗಳನ್ನು ಕೈಯಿಂದ ತುಂಬುತ್ತಿದ್ದರು. ಈಗ ಇವೆರಡನ್ನೂ ಗಣಕಯಂತ್ರವೇ ಒಟ್ಟಿಗೆ ಮಾಡುತ್ತದೆ. ಒಂದು ಕಡೆ ಕಾಗದದ ಮಾದರಿ, ಇನ್ನೊಂದು ಕಡೆ ಸದಸ್ಯರ ಪಟ್ಟಿ. ಮಾದರಿಯಲ್ಲಿ ‘ಇಲ್ಲಿ ಹೆಸರು’, ‘ಇಲ್ಲಿ ಊರು’ ಎಂದು ಗುರುತು ಹಾಕಿಟ್ಟರೆ ಯಂತ್ರವು ಪಟ್ಟಿಯಿಂದ ಒಬ್ಬೊಬ್ಬರ ವಿವರ ಎತ್ತಿಕೊಂಡು ಆಯಾ ಸ್ಥಳದಲ್ಲಿ ಕೂರಿಸಿ ಸಾವಿರ ಪ್ರತಿ ಬೇಕಾದರೂ ಮುದ್ರಿಸಿಕೊಡುತ್ತದೆ. ಇದಕ್ಕೆ ವೇರಿಯಬಲ್ ಡಾಟಾ ಪ್ರಿಂಟಿಂಗ್ ಎಂದು ಹೆಸರು. ಬದಲಾಗುವ ವಿವರಗಳ ಮುದ್ರಣ ಎಂದು ನಾವು ಕರೆದುಕೊಳ್ಳಬಹುದು. ಇದಕ್ಕೆಂದೇ ಬೆಲೆಬಾಳುವ ತಂತ್ರಾಂಶಗಳಿವೆ. ಸಣ್ಣ ಸಂಘಗಳಲ್ಲಿ ವರ್ಡ್ ತಂತ್ರಾಂಶದ ಮೇಲ್ ಮರ್ಜ್ ಮತ್ತು ಎಕ್ಸೆಲ್ ಪಟ್ಟಿ ಇವೆರಡರಿಂದಲೇ ಕೆಲಸ ಸಾಗುತ್ತದೆ.

ಈ ಲೇಖನದ ವಿಷಯ ಇದರೊಳಗಿನ ಒಂದು ಸಣ್ಣ ಸಂಗತಿ. ಪಟ್ಟಿಯಲ್ಲಿರುವ ಇಂಗ್ಲಿಷ್ ಹೆಸರುಗಳನ್ನು ದೊಡ್ಡಕ್ಷರದಿಂದ ಸಣ್ಣಕ್ಷರಕ್ಕೂ ಸಣ್ಣಕ್ಷರದಿಂದ ದೊಡ್ಡಕ್ಷರಕ್ಕೂ ಮಾರ್ಪಡಿಸುವುದು. ಇದೇನು ಮಹಾ ವಿಷಯ ಎಂದು ಕೇಳಬಹುದು. ಒಂದು ಗುಂಡಿ ಒತ್ತಿದರೆ ಎರಡು ಸಾವಿರ ಹೆಸರು ಒಮ್ಮೆಗೇ ಬದಲಾಗುತ್ತವೆ. ಎರಡು ಸಾವಿರ ಹೆಸರು ಒಮ್ಮೆಗೇ ಕೆಡುವುದೂ ಅದೇ ಗುಂಡಿಯಿಂದಲೇ ಎಂಬುದನ್ನು ಮರೆಯಬಾರದು.

ದೊಡ್ಡಕ್ಷರ, ಸಣ್ಣಕ್ಷರ ಎಲ್ಲಿಂದ ಬಂದವು?

ಕನ್ನಡದಲ್ಲಿ ಈ ಭೇದವಿಲ್ಲ. ‘ಕ’ ಎಂಬುದು ಹೆಸರಿನ ಮೊದಲಲ್ಲಿ ಬಂದರೂ ಕೊನೆಯಲ್ಲಿ ಬಂದರೂ ‘ಕ’ವೇ. ಭಾರತದ ಯಾವ ಪ್ರಮುಖ ಲಿಪಿಯಲ್ಲೂ, ಅರಬ್ಬಿ, ಚೀನಿ, ಜಪಾನಿ ಬರವಣಿಗೆಗಳಲ್ಲೂ ಇದಿಲ್ಲ. ಇಂಗ್ಲಿಷಿನ ರೋಮನ್ ಲಿಪಿ, ಗ್ರೀಕ್, ರಷ್ಯನ್, ಆರ್ಮೇನಿಯನ್ ಮುಂತಾದ ಕೆಲವೇ ಬರವಣಿಗೆಗಳಲ್ಲಿ ಮಾತ್ರ ಒಂದೊಂದು ಅಕ್ಷರಕ್ಕೂ ದೊಡ್ಡದು, ಸಣ್ಣದು ಎಂಬ ಎರಡು ರೂಪಗಳುಂಟು.

ಇಂಗ್ಲಿಷಿನಲ್ಲಿ ಇವಕ್ಕೆ ಅಪ್ಪರ್ ಕೇಸ್, ಲೋವರ್ ಕೇಸ್ ಎಂಬ ಹೆಸರು ಬಂದದ್ದು ಮೊಳೆ ಜೋಡಿಸುವವರ ಮರದ ಪೆಟ್ಟಿಗೆಗಳಿಂದ. ಸೀಸದ ಮೊಳೆಗಳಿಂದ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ದೊಡ್ಡಕ್ಷರದ ಮೊಳೆಗಳನ್ನು ಮೇಲಿನ ಪೆಟ್ಟಿಗೆಯಲ್ಲಿಯೂ, ಪದೇ ಪದೇ ಕೈಗೆ ಬೇಕಾಗುವ ಸಣ್ಣಕ್ಷರದ ಮೊಳೆಗಳನ್ನು ಕೈಗೆ ಹತ್ತಿರವಾದ ಕೆಳಗಿನ ಪೆಟ್ಟಿಗೆಯಲ್ಲಿಯೂ ಇಡುತ್ತಿದ್ದರು. ಪೆಟ್ಟಿಗೆ ಹೋಯಿತು, ಹೆಸರು ಉಳಿಯಿತು.

ಗಣಕಯಂತ್ರದ ಒಳಗೆ ಅಕ್ಷರಗಳೆಲ್ಲವೂ ಸಂಖ್ಯೆಗಳೇ. 1963ರಲ್ಲಿ ಅಮೆರಿಕದಲ್ಲಿ ಆಸ್ಕಿ ಎಂಬ ಸಂಕೇತ ಪದ್ಧತಿ ಬಂದಾಗ ಅದರಲ್ಲಿ ಸಣ್ಣಕ್ಷರಗಳೇ ಇರಲಿಲ್ಲ. 1967ರ ಪರಿಷ್ಕರಣೆಯಲ್ಲಿ ಅವು ಸೇರಿದವು. ದೊಡ್ಡ ‘ಎ’ಗೆ 65, ಸಣ್ಣ ‘ಎ’ಗೆ 97. ಹೀಗೆ ಪ್ರತಿ ಜೋಡಿಯ ನಡುವೆ ಸರಿಯಾಗಿ 32ರ ಅಂತರ. ಆದುದರಿಂದ ದೊಡ್ಡದನ್ನು ಸಣ್ಣದು ಮಾಡುವುದೆಂದರೆ 32 ಕೂಡಿಸುವುದು, ಸಣ್ಣದನ್ನು ದೊಡ್ಡದು ಮಾಡುವುದೆಂದರೆ 32 ಕಳೆಯುವುದು. ಯಂತ್ರ ಮಾಡುವುದು ಇಷ್ಟನ್ನೇ. ಎದುರಿಗಿರುವುದು ಮನುಷ್ಯನ ಹೆಸರೋ, ಊರೋ, ಬ್ಯಾಂಕಿನ ಸಂಕೇತವೋ ಎಂಬ ವಿವೇಚನೆ ಅದಕ್ಕಿಲ್ಲ.

ಹಳೆಯ ಯಂತ್ರಗಳಲ್ಲಿ ಸಣ್ಣಕ್ಷರವಿಲ್ಲದಿದ್ದ ಕಾರಣ ಹಳೆಯ ಪಟ್ಟಿಗಳನ್ನೆಲ್ಲ ದೊಡ್ಡಕ್ಷರದಲ್ಲೇ ಬರೆಯುವ ರೂಢಿ ಬಿತ್ತು. ‘ದೊಡ್ಡಕ್ಷರಗಳಲ್ಲಿ ತುಂಬತಕ್ಕದ್ದು’ ಎಂದು ಅರ್ಜಿ ನಮೂನೆಗಳಲ್ಲಿ ಇಂದಿಗೂ ಇರುತ್ತದೆ. ಕೈಬರಹ ಸ್ಪಷ್ಟವಾಗಿರಲೆಂಬ ಉದ್ದೇಶಕ್ಕೆ ಇದು ಒಳ್ಳೆಯದೇ. ಆದರೆ ಅದೇ ಪಟ್ಟಿಯನ್ನು ಹಾಗೆಯೇ ಅಚ್ಚಿಗೆ ಕಳುಹಿಸಿದರೆ ಪತ್ರ ಓದಲು ಬೇಸರವಾಗುತ್ತದೆ. ದೊಡ್ಡಕ್ಷರ ಹೆಚ್ಚು ಅಗಲದ್ದಾದ್ದರಿಂದ ಉದ್ದನೆಯ ವಿಳಾಸ ಚೀಟಿಯ ಅಂಚು ದಾಟಿ ತುಂಡಾಗುವುದೂ ಉಂಟು. ಆಗಲೇ ‘ಎಲ್ಲವನ್ನೂ ಸರಿಯಾದ ರೂಪಕ್ಕೆ ತನ್ನಿ’ ಎಂದು ಗುಂಡಿ ಒತ್ತುವ ಸಂದರ್ಭ ಬರುವುದು.

ಹೆಸರು ಕೆಡುವ ಬಗೆ

ಎಕ್ಸೆಲ್‌ನಲ್ಲಿ ಮೂರು ಸೂತ್ರಗಳಿವೆ. ಅಪ್ಪರ್ ಎಂಬುದು ಎಲ್ಲವನ್ನೂ ದೊಡ್ಡದು ಮಾಡುತ್ತದೆ. ಲೋವರ್ ಎಂಬುದು ಎಲ್ಲವನ್ನೂ ಸಣ್ಣದು ಮಾಡುತ್ತದೆ. ಪ್ರಾಪರ್ ಎಂಬುದು ಪ್ರತಿ ಪದದ ಮೊದಲ ಅಕ್ಷರವನ್ನು ದೊಡ್ಡದಾಗಿಟ್ಟು ಉಳಿದದ್ದನ್ನು ಸಣ್ಣದು ಮಾಡುತ್ತದೆ. ಮೂರನೆಯದೇ ನಮಗೆ ಬೇಕಾದದ್ದೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ನಮ್ಮ ಕಡೆಯ ಹೆಸರುಗಳ ಕ್ರಮವೇ ಬೇರೆ.

ನಮ್ಮಲ್ಲಿ ಇನಿಷಿಯಲ್ ಇಲ್ಲದ ಹೆಸರು ಅಪರೂಪ. ಊರಿನದೊಂದು, ತಂದೆಯದೊಂದು, ಮನೆತನದ್ದೊಂದು ಅಕ್ಷರ ಹೆಸರಿನ ಹಿಂದೆಯೋ ಮುಂದೆಯೋ ಇದ್ದೇ ಇರುತ್ತದೆ. ಕೊಡಗಿನಲ್ಲಿ ಒಕ್ಕದ ಹೆಸರು ಮೊದಲು ಬರುತ್ತದೆ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರ ಹೆಸರಿನಲ್ಲಿ ‘ಕೆ’ ಎಂದರೆ ಕೊಡಂದೇರ, ‘ಎಂ’ ಎಂದರೆ ಮಾದಪ್ಪ. ಈ ಎರಡು ಅಕ್ಷರಗಳ ನಡುವೆ ಚುಕ್ಕಿಯಿದ್ದರೆ ಪ್ರಾಪರ್ ಸೂತ್ರ ಎರಡನ್ನೂ ದೊಡ್ಡದಾಗಿಯೇ ಉಳಿಸುತ್ತದೆ. ಚುಕ್ಕಿಯಿಲ್ಲದೆ ಕೂಡಿಸಿ ಬರೆದಿದ್ದರೆ ಅದನ್ನೊಂದು ಪದವೆಂದು ತಿಳಿದು ‘ಎಂ’ ಅನ್ನು ಸಣ್ಣದು ಮಾಡಿಬಿಡುತ್ತದೆ. ಆಗ ಓದುವವರ ಕಣ್ಣಿಗೆ ಅದು ಮನೆತನದ ಹೆಸರಾಗಿ ಕಾಣದೆ ‘ಕಿಲೋಮೀಟರ್’ ಎಂದು ಕಾಣುತ್ತದೆ! ಒಂದು ಚುಕ್ಕಿಯ ಬೆಲೆ ಇಷ್ಟು.

ಊರುಗಳ ಪಾಡೂ ಇದೇ. ನರಸಿಂಹರಾಜಪುರವನ್ನು ಇಂಗ್ಲಿಷಿನಲ್ಲಿ ಎನ್.ಆರ್. ಪುರ ಎಂದು ಬರೆಯುತ್ತಾರೆ. ಚುಕ್ಕಿ ಬಿಟ್ಟು ಬರೆದು ಸೂತ್ರ ಹಾಕಿದರೆ ‘ಎನ್’ ದೊಡ್ಡದು, ‘ಆರ್’ ಸಣ್ಣದು ಆಗುತ್ತದೆ. ಇಂಗ್ಲಿಷ್ ವಿಳಾಸಗಳಲ್ಲಿ ‘ಹತ್ತಿರ’ ಎಂಬುದನ್ನು ಚುಟುಕಾಗಿ ಬರೆಯುವುದೂ ಹೀಗೆಯೇ. ಆದ್ದರಿಂದ ಎನ್.ಆರ್. ಪುರದವರು ‘ಪುರದ ಹತ್ತಿರದವರು’ ಆಗಿಬಿಡುತ್ತಾರೆ. ಬಂಟ್ವಾಳದ ಬಿ.ಸಿ. ರೋಡು, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ಇವೂ ಇದೇ ಗುಂಪಿಗೆ ಸೇರಿದವು. ಎರಡನೆಯ ಅಡ್ಡರಸ್ತೆ ಎಂಬುದನ್ನು ಅಂಕಿ ಹಾಕಿ ಬರೆದಿದ್ದರೆ ಪ್ರಾಪರ್ ಸೂತ್ರ ಅಂಕಿಯ ಪಕ್ಕದ ಅಕ್ಷರವನ್ನು ಹೊಸ ಪದದ ಆರಂಭವೆಂದು ಭಾವಿಸಿ ದೊಡ್ಡದು ಮಾಡುತ್ತದೆ. ಅದೂ ನೋಡಲು ವಿಕಾರವೇ.

ಇನ್ನು ಡಿಸೋಜ ಎಂಬ ಹೆಸರು. ಇದರ ‘ಡಿ’ಯ ನಂತರ ಇಂಗ್ಲಿಷಿನಲ್ಲಿ ಮೇಲೊಂದು ಅಲ್ಪವಿರಾಮದಂಥ ಚಿಹ್ನೆ ಬರುತ್ತದೆ. ಅದರ ಮುಂದಿನ ‘ಎಸ್’ ದೊಡ್ಡದಿರಬೇಕು. ಎಕ್ಸೆಲ್ ಅದನ್ನು ದೊಡ್ಡದಾಗಿಯೇ ಇಡುತ್ತದೆ. ಆದರೆ ಆ ಚಿಹ್ನೆಯ ನಂತರ ಬರುವ ಅಕ್ಷರವನ್ನು ಸಣ್ಣದು ಮಾಡುವ ಕ್ರಮವನ್ನು ಅನುಸರಿಸುವ ತಂತ್ರಾಂಶಗಳೂ ಇವೆ. ಒಂದೇ ಸಂಘದ ಪತ್ರದಲ್ಲಿ ಒಂದು ರೀತಿ, ಚೀಟಿಯಲ್ಲಿ ಇನ್ನೊಂದು ರೀತಿ ಹೆಸರು ಬರುವುದಕ್ಕೆ ಇದೊಂದು ಕಾರಣ.

ಇದೆಲ್ಲ ಬರಿಯ ಅಂದಚಂದದ ಮಾತಲ್ಲ. ವಿಳಾಸದ ಚೀಟಿಯಲ್ಲಿ ತಪ್ಪಿದರೆ ಅಂಚೆಯಣ್ಣ ಮುಖ ನೋಡಿಯಾದರೂ ಪತ್ರ ತಲುಪಿಸುತ್ತಾನೆ. ಆದರೆ ಷೇರು ಪತ್ರ ಮೂವತ್ತು ನಲವತ್ತು ವರ್ಷ ಪೆಟ್ಟಿಗೆಯಲ್ಲಿ ಉಳಿಯುವ ದಾಖಲೆ. ಅದನ್ನು ಹಿಡಿದುಕೊಂಡು ಸಂಘಕ್ಕೆ ಬರುವವರು ಒಮ್ಮೊಮ್ಮೆ ಸದಸ್ಯರಲ್ಲ, ಅವರ ತರುವಾಯದ ವಾರಸುದಾರರು. ಪಹಣಿಯಲ್ಲಿ ಒಂದು ರೀತಿ, ಆಧಾರ್ ಚೀಟಿಯಲ್ಲಿ ಒಂದು ರೀತಿ, ಷೇರು ಪತ್ರದಲ್ಲಿ ಮತ್ತೊಂದು ರೀತಿ ಹೆಸರಿದ್ದರೆ ‘ಇವರೆಲ್ಲರೂ ಒಬ್ಬರೇ’ ಎಂದು ಪ್ರಮಾಣ ಪತ್ರ ಮಾಡಿಸಿ ಅಲೆಯುವ ಕಷ್ಟ ಅವರದಾಗುತ್ತದೆ. ದೊಡ್ಡ ಸಣ್ಣ ಅಕ್ಷರದ ವ್ಯತ್ಯಾಸವೊಂದನ್ನೇ ಕಚೇರಿಗಳು ಸಾಮಾನ್ಯವಾಗಿ ದೊಡ್ಡದು ಮಾಡಲಾರವು. ಆದರೆ ಎರಡು ಇನಿಷಿಯಲ್‌ಗಳು ಕೂಡಿ ಒಂದು ಪದವಾಗಿ ಅಚ್ಚಾದರೆ ಅದು ಬೇರೆಯೇ ಹೆಸರಾಗಿ ಓದಿಸಿಕೊಳ್ಳುತ್ತದೆ.

ಮುಟ್ಟಬಾರದ ಅಂಕಣಗಳು

ಹೆಸರು ಕೆಟ್ಟರೆ ಮನಸ್ಸಿಗೆ ನೋವು, ಅಂಕಿಸಂಕೇತ ಕೆಟ್ಟರೆ ಕಿಸೆಗೆ ನೋವು. ಬ್ಯಾಂಕಿನ ಐ.ಎಫ್.ಎಸ್. ಸಂಕೇತದಲ್ಲಿ 11 ಸ್ಥಾನಗಳಿವೆ. ಮೊದಲ ನಾಲ್ಕು ಅಕ್ಷರಗಳು ಬ್ಯಾಂಕಿನವು, ಐದನೆಯದು ಸೊನ್ನೆ, ಉಳಿದ ಆರು ಶಾಖೆಯವು. ಅವನ್ನು ಯಾವಾಗಲೂ ದೊಡ್ಡಕ್ಷರದಲ್ಲೇ ಬರೆಯುವುದು. ಪಾನ್ ಸಂಖ್ಯೆಯ 10 ಸ್ಥಾನಗಳೂ ಹಾಗೆಯೇ. ಇಡೀ ಪಟ್ಟಿಯನ್ನು ಆರಿಸಿಕೊಂಡು ಒಮ್ಮೆಗೇ ಸೂತ್ರ ಹಾಕಿದರೆ ಇವೂ ಸಣ್ಣದಾಗುತ್ತವೆ. ಸಣ್ಣ ‘ಎಲ್’ ಅಕ್ಷರ ಅಚ್ಚಿನಲ್ಲಿ ಒಂದು ಅಂಕಿಯಂತೆಯೇ ಕಾಣುತ್ತದೆ. ಅಚ್ಚಾದ ಚೀಟಿ ನೋಡಿ ಇನ್ನೊಬ್ಬರು ಬ್ಯಾಂಕಿನಲ್ಲಿ ಬರೆದುಕೊಳ್ಳುವಾಗ ಎಡವಟ್ಟಾಗಲು ಇಷ್ಟು ಸಾಕು.

ಕಾಫಿಯ ದರ್ಜೆಗಳನ್ನು ನೋಡಿರಿ. ಪಾರ್ಚ್‌ಮೆಂಟ್ ಎಬಿ, ಚೆರಿ ಪಿಬಿ ಎಂಬಲ್ಲಿ ಎರಡೂ ಅಕ್ಷರ ದೊಡ್ಡದು. ಪಿಬಿಯ ಎರಡನೆಯ ಅಕ್ಷರ ಸಣ್ಣದಾದರೆ ಅದು ಪೀಬೆರಿಯಲ್ಲ, ಸೀಸವೆಂಬ ಲೋಹದ ರಾಸಾಯನಿಕ ಚಿಹ್ನೆ!

ಮಣ್ಣಿನ ವರದಿಯಲ್ಲಂತೂ ಎಚ್ಚರಿಕೆ ಬಹಳ ಬೇಕು. 2015ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಮಣ್ಣು ಆರೋಗ್ಯ ಚೀಟಿ ಈ ಬಗೆಯ ಮುದ್ರಣಕ್ಕೆ ಒಳ್ಳೆಯ ಉದಾಹರಣೆ. ನಮೂನೆ ಒಂದೇ, ಒಳಗಿನ 12 ಅಂಶಗಳ ಅಂಕಿಗಳು ಹೊಲಹೊಲಕ್ಕೂ ಬೇರೆ. ಇಂಥ ವರದಿಗಳಲ್ಲಿ ರಸಸಾರವನ್ನು ಸೂಚಿಸುವ ಪಿ.ಎಚ್. ಎಂಬಲ್ಲಿ ‘ಪಿ’ ಸಣ್ಣದು, ‘ಎಚ್’ ದೊಡ್ಡದು. ಪ್ರಾಪರ್ ಸೂತ್ರ ಇದನ್ನು ತಿರುಗುಮುರುಗು ಮಾಡುತ್ತದೆ. ‘ಎಂ’ ಮತ್ತು ‘ಜಿ’ ಎರಡೂ ಸಣ್ಣದಿದ್ದರೆ ಮಿಲಿಗ್ರಾಂ. ‘ಎಂ’ ಮಾತ್ರ ದೊಡ್ಡದಾದರೆ ಅದು ಮೆಗ್ನೀಸಿಯಂ ಧಾತುವಿನ ಚಿಹ್ನೆ. ಅಳತೆಯಾಗಿ ಓದಿದರೆ ಮೆಗಾಗ್ರಾಂ, ಅಂದರೆ ಸಾವಿರ ಕಿಲೋ. ಒಂದು ಮಿಲಿಗ್ರಾಂಗೂ ಸಾವಿರ ಕಿಲೋಗೂ ಇರುವ ಅಂತರ ನೂರು ಕೋಟಿ ಪಟ್ಟು. ಬೋರ್ಡೋ ದ್ರಾವಣಕ್ಕೆ ಮೈಲುತುತ್ತವನ್ನೂ ಸುಣ್ಣವನ್ನೂ ತೂಗಿ ಹಾಕುವ ನಾವು ಅಳತೆಯ ಬೆಲೆಯನ್ನು ಬಲ್ಲೆವು. ಚಿಹ್ನೆ ತಪ್ಪಿದ ಅಳತೆ ಅಳತೆಯೇ ಅಲ್ಲ.

ಕನ್ನಡದ ಅಂಕಣಕ್ಕೆ ಬರುವ ಕುತ್ತು

ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಇಲ್ಲವೆಂದ ಮೇಲೆ ಕನ್ನಡದ ಪಟ್ಟಿಗೆ ಈ ಭಯವಿಲ್ಲವಷ್ಟೆ ಎಂದು ತಿಳಿಯುವುದು ಸಹಜ. ಯೂನಿಕೋಡ್ ಪದ್ಧತಿಯಲ್ಲಿ ಬರೆದ ಪಟ್ಟಿಯಾದರೆ ಈ ಮಾತು ನಿಜ. 1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರದ್ದೇ ಆದ 128 ಸ್ಥಾನಗಳು ಮೀಸಲಾಗಿವೆ. ಅಲ್ಲಿ ಅಪ್ಪರ್, ಲೋವರ್ ಯಾವ ಸೂತ್ರ ಹಾಕಿದರೂ ‘ಕ’ ಕದಲುವುದಿಲ್ಲ.

ಆದರೆ ಯೂನಿಕೋಡ್ ರೂಢಿಗೆ ಬರುವ ಮೊದಲು ಟೈಪು ಮಾಡಿದ ಹಳೆಯ ಸದಸ್ಯರ ಪಟ್ಟಿಗಳು ಅನೇಕ ಸಂಘಗಳಲ್ಲಿ ಇನ್ನೂ ಉಳಿದಿವೆ. ಆಗ ಬಳಕೆಯಲ್ಲಿದ್ದ ಕನ್ನಡ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು. ನಮ್ಮ ಕಣ್ಣಿಗೆ ಕಾಣುವುದು ಕನ್ನಡ, ಯಂತ್ರದ ಲೆಕ್ಕದಲ್ಲಿ ಅದು ಇಂಗ್ಲಿಷ್. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ದೊಡ್ಡ ‘ಜಡ್’ ಸ್ಥಾನದಲ್ಲಿ ‘ಚ’ಕಾರದ ಮೂಲರೂಪವಿದ್ದರೆ ಸಣ್ಣ ‘ಜಡ್’ ಸ್ಥಾನದಲ್ಲಿ ‘ದ’ಕಾರದ ಮೂಲರೂಪವಿದೆ. ದೊಡ್ಡ ‘ಎ’ ಅನುಸ್ವಾರ, ಸಣ್ಣ ‘ಎ’ ‘ಚಿ’. ದೊಡ್ಡ ‘ವಿ’ ‘ಗಿ’, ಸಣ್ಣ ‘ವಿ’ ‘ತ’ಕಾರದ ಮೂಲರೂಪ. ತಲೆಕಟ್ಟಿನ ಚಿಹ್ನೆಯನ್ನು ಸಣ್ಣದು ಮಾಡಿದರೆ ಅದು ‘ಪ’ಕಾರದ ಒತ್ತಾಗಿ ಅಡಿಗೆ ಇಳಿಯುತ್ತದೆ.

ಇಂಥ ಪಟ್ಟಿಯ ಮೇಲೆ ಲೋವರ್ ಅಥವಾ ಪ್ರಾಪರ್ ಸೂತ್ರ ಬಿದ್ದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಚಂದ್ರಪ್ಪನೂ ಉಳಿಯುವುದಿಲ್ಲ, ಗಿರಿಯಪ್ಪನೂ ಉಳಿಯುವುದಿಲ್ಲ. ಆದ್ದರಿಂದ ಹಳೆಯ ಪಟ್ಟಿಯಿದ್ದ ಸಂಘಗಳು ಅದನ್ನು ಮೊದಲು ಪರಿವರ್ತಕ ತಂತ್ರಾಂಶದ ಸಹಾಯದಿಂದ ಯೂನಿಕೋಡ್‌ಗೆ ತಂದುಕೊಂಡು, ಒಂದೊಂದು ಹೆಸರನ್ನೂ ಕಣ್ಣಾರೆ ನೋಡಿ, ಆಮೇಲೆ ಮುಂದಿನ ಕೆಲಸ ಹಿಡಿಯುವುದು ಕ್ಷೇಮ.

ಸಂಘದ ಕಚೇರಿಯಲ್ಲಿ ಅನುಸರಿಸಬಹುದಾದ ಕ್ರಮ

ಒಂದು: ಮೂಲ ಪಟ್ಟಿಯನ್ನು ಮುಟ್ಟಬಾರದು. ಅದರ ಪ್ರತಿ ತೆಗೆದು, ಮಾರ್ಪಡಿಸಿದ ಹೆಸರಿಗೆ ಪಕ್ಕದಲ್ಲಿ ಬೇರೆ ಅಂಕಣ ಮಾಡಬೇಕು. ದೊಡ್ಡ ಸಣ್ಣ ಅಕ್ಷರ ಬೆರೆಸಿ ಸರಿಯಾಗಿ ಬರೆದಿದ್ದ ಹೆಸರನ್ನು ಒಮ್ಮೆ ಪೂರ್ತಿ ದೊಡ್ಡದು ಮಾಡಿಬಿಟ್ಟರೆ ಮೊದಲು ಹೇಗಿತ್ತೆಂದು ತಿಳಿಯುವ ಮಾರ್ಗ ಯಂತ್ರಕ್ಕಿಲ್ಲ. ಸುಲಿದ ಅಡಿಕೆಯನ್ನು ಮತ್ತೆ ಸಿಪ್ಪೆಯೊಳಗೆ ಕೂರಿಸಲಾಗುವುದಿಲ್ಲ.

ಎರಡು: ಸೂತ್ರವನ್ನು ಹೆಸರು ಮತ್ತು ಊರಿನ ಅಂಕಣಗಳಿಗೆ ಮಾತ್ರ ಹಾಕಬೇಕು. ಬ್ಯಾಂಕ್ ಸಂಕೇತ, ಪಾನ್, ದರ್ಜೆ, ಅಳತೆ, ಧಾತುಗಳ ಚಿಹ್ನೆ ಇವು ಇದ್ದಂತೆಯೇ ಇರಲಿ. ಖಾತೆ ಸಂಖ್ಯೆಯ ಅಂಕಣವನ್ನು ‘ಅಕ್ಷರ’ ಎಂದು ಎಕ್ಸೆಲ್‌ಗೆ ಮೊದಲೇ ತಿಳಿಸಿಡಬೇಕು. ಇಲ್ಲದಿದ್ದರೆ ಅದು ಮುಂದಿನ ಸೊನ್ನೆಗಳನ್ನು ನುಂಗುತ್ತದೆ. 15 ಅಂಕಿಗಿಂತ ಉದ್ದವಾದ ಸಂಖ್ಯೆಯ ಕೊನೆಯ ಅಂಕಿಗಳನ್ನು ಸೊನ್ನೆ ಮಾಡುತ್ತದೆ.

ಮೂರು: ಸೂತ್ರ ಹಾಕುವ ಮುನ್ನ ಇನಿಷಿಯಲ್‌ಗಳಿಗೆ ಚುಕ್ಕಿ ಇದೆಯೇ ಎಂದು ನೋಡಬೇಕು. ಸ್ವರಾಕ್ಷರವೇ ಇಲ್ಲದ ಎರಡು ಮೂರು ಅಕ್ಷರದ ಪದಗಳನ್ನು ಹುಡುಕಿ ತೆಗೆದರೆ ಬಹುಪಾಲು ಇನಿಷಿಯಲ್‌ಗಳು ಸಿಕ್ಕುತ್ತವೆ.

ನಾಲ್ಕು: ಅಪವಾದಗಳ ಒಂದು ಪಟ್ಟಿ ಇಟ್ಟುಕೊಳ್ಳಬೇಕು. ಎನ್.ಆರ್. ಪುರ, ಬಿ.ಸಿ. ರೋಡು, ಡಿಸೋಜ ಇಂಥ ಹೆಸರುಗಳು ಸೂತ್ರ ಹಾಕಿದ ಮೇಲೆ ಹೇಗಿರಬೇಕೆಂದು ಅದರಲ್ಲಿ ಬರೆದಿಟ್ಟರೆ ಪ್ರತಿ ವರ್ಷವೂ ಮತ್ತೆ ತಿದ್ದುವ ಶ್ರಮ ತಪ್ಪುತ್ತದೆ.

ಐದು: ಶೀರ್ಷಿಕೆಯೊಂದು ದೊಡ್ಡಕ್ಷರದಲ್ಲಿ ಕಾಣಬೇಕೆಂದಷ್ಟೇ ಇದ್ದರೆ ಪಟ್ಟಿಯನ್ನು ಬದಲಾಯಿಸುವ ಅಗತ್ಯವಿಲ್ಲ. ವರ್ಡ್ ಮುಂತಾದ ತಂತ್ರಾಂಶಗಳಲ್ಲಿ ‘ಆಲ್ ಕ್ಯಾಪ್ಸ್’ ಎಂಬ ಆಯ್ಕೆಯುಂಟು. ಅದು ತೋರಿಕೆಯನ್ನು ಮಾತ್ರ ಬದಲಿಸುತ್ತದೆ, ಒಳಗಿನ ಬರಹ ಹಾಗೆಯೇ ಇರುತ್ತದೆ.

ಆರು: ಹೊಸ ಔಷಧಿಯನ್ನು ಇಡೀ ತೋಟಕ್ಕೆ ಒಮ್ಮೆಗೇ ಹೊಡೆಯುವವರಿಲ್ಲ, ನಾಲ್ಕು ಗಿಡಕ್ಕೆ ಹೊಡೆದು ನೋಡುತ್ತಾರೆ. ಹಾಗೆಯೇ ಇಪ್ಪತ್ತು ಹೆಸರುಗಳ ಕರಡು ಪ್ರತಿ ತೆಗೆದು ನೋಡಬೇಕು. ಸುಲಭದ ಹೆಸರುಗಳನ್ನಲ್ಲ, ಕಷ್ಟದವುಗಳನ್ನೇ ಆರಿಸಬೇಕು: ಅತಿ ಉದ್ದದ ಹೆಸರು, ಮೂರು ಇನಿಷಿಯಲ್‌ನ ಹೆಸರು, ಚಿಹ್ನೆಯಿರುವ ಹೆಸರು, ಅಂಕಿಯಿರುವ ವಿಳಾಸ. ಕರಡನ್ನು ಟೈಪು ಮಾಡಿದವರು ನೋಡಿದರೆ ಸಾಲದು. ಸದಸ್ಯರ ಮುಖಪರಿಚಯವಿರುವ ಹಳೆಯ ಗುಮಾಸ್ತರೋ ನಿರ್ದೇಶಕರೋ ನೋಡಬೇಕು.

ಸದಸ್ಯರು ಮಾಡಬೇಕಾದದ್ದು

ಎಲ್ಲವನ್ನೂ ಕಚೇರಿಯ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಅರ್ಜಿ ತುಂಬುವಾಗ ಪ್ರತಿ ಇನಿಷಿಯಲ್‌ನ ಮುಂದೆ ಚುಕ್ಕಿ ಇಟ್ಟು, ಹೆಸರಿಗೂ ಅದಕ್ಕೂ ನಡುವೆ ಜಾಗ ಬಿಟ್ಟು ಬರೆಯಿರಿ. ಸಾಧ್ಯವಾದರೆ ಇನಿಷಿಯಲ್ ಬಿಡಿಸಿ ಪೂರ್ಣ ಹೆಸರನ್ನೂ ಕೊಡಿರಿ. ಆಧಾರ್ ಮತ್ತು ಬ್ಯಾಂಕಿನ ಪುಸ್ತಕದಲ್ಲಿ ಹೆಸರು ಹೇಗಿದೆಯೋ ಹಾಗೆಯೇ ಸಂಘದಲ್ಲೂ ಇರಲಿ. ಕನ್ನಡದಲ್ಲಿಯೂ ಒಮ್ಮೆ ಬರೆದುಕೊಡಿರಿ. ಇಂಗ್ಲಿಷಿನಲ್ಲಿ ತೊಡಕಾದಾಗ ಸರಿಯಾದ ಹೆಸರು ಯಾವುದೆಂದು ಹೇಳುವ ಸಾಕ್ಷಿ ಅದು.

ಷೇರು ಪತ್ರವೋ ಪಾಸುಪುಸ್ತಕವೋ ಕೈಗೆ ಬಂದಾಗ ಮೊತ್ತವನ್ನಷ್ಟೇ ನೋಡಿ ಮಡಿಚಿಡಬೇಡಿ. ನಿಮ್ಮ ಹೆಸರು, ನಾಮಿನಿಯ ಹೆಸರು, ಊರು ಇವನ್ನು ಅಕ್ಷರ ಅಕ್ಷರವಾಗಿ ಓದಿರಿ. ಓದಲು ಕಣ್ಣು ಸಾಲದಿದ್ದರೆ ಶಾಲೆಗೆ ಹೋಗುವ ಮೊಮ್ಮಕ್ಕಳಿಂದ ಓದಿಸಿರಿ. ತಪ್ಪಿದ್ದರೆ ಆ ತಿಂಗಳಲ್ಲೇ ಸಂಘಕ್ಕೆ ಲಿಖಿತವಾಗಿ ತಿಳಿಸಿ, ತಿದ್ದಿದ ಪ್ರತಿಯನ್ನು ಪಡೆದುಕೊಳ್ಳಿರಿ. ಸದಸ್ಯರು ಎದುರಿಗಿದ್ದಾಗ ಒಂದು ಅರ್ಜಿಯಲ್ಲಿ ಮುಗಿಯುವ ಈ ಕೆಲಸ, ಅವರ ಕಾಲಾನಂತರ ಮಕ್ಕಳು ವರ್ಷಗಟ್ಟಲೆ ಅಲೆದರೂ ಮುಗಿಯದಿರಬಹುದು.